ಹನ್ನೆರಡು ಎಳೆಯುವ ಕೈ

ತಿಂಗಳೊಳಗೆ ಮೂರನೆಯ ಸಲ ಆ ಬಿಳಿ ವ್ಯಾನು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ ಅವನು ತಲೆ ಎತ್ತಿ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ. ಆ ಎಂಜಿನ್ನಿನ ಕೆಮ್ಮು ಅವನಿಗೆ ಮನೆಮಂದಿಯ ಕೆಮ್ಮಿನಷ್ಟೇ ಗುರುತು. ಕೈಯಲ್ಲಿದ್ದ ಚಿಂದಿಬಟ್ಟೆಯಲ್ಲಿ ಆಗಲೇ ಒರೆಸಿಟ್ಟಿದ್ದ ಸ್ಪ್ಯಾನರನ್ನೇ ಮತ್ತೊಮ್ಮೆ ಒರೆಸಿದ.

ಊರಿನ ಡ್ರೈವರುಗಳು ಅವನನ್ನು ಎದುರಿಗೆ ಅಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ಕೂದಲೆಳೆ ಎನ್ನುತ್ತಿದ್ದರು. ಡೀಸೆಲ್ ಪಂಪಿನ ಟೈಮಿಂಗನ್ನು ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಕೂರಿಸುತ್ತಾನೆ ಎಂಬ ಮೆಚ್ಚುಗೆ ಅದರಲ್ಲಿತ್ತು. ಅವನ ತಲೆಯ ಮೇಲೆ ಒಂದು ಎಳೆಯೂ ಉಳಿದಿರಲಿಲ್ಲ ಎನ್ನುವುದು ಬೇರೆ ಮಾತು. ಅವನ ಕೈಯಿಂದ ಹೋದ ಪಂಪು ಅದೇ ಕಾಯಿಲೆ ಹೊತ್ತುಕೊಂಡು ವಾಪಸ್ಸು ಬಂದದ್ದಿಲ್ಲ. ಈ ಒಂದು ಹೆಸರಿನ ಮೇಲೆಯೇ ಅವನು ಮೂವತ್ತೊಂದು ವರ್ಷ ತಲೆ ಎತ್ತಿಕೊಂಡು ಬದುಕಿದ್ದ. ಈಗ ಅದೇ ವ್ಯಾನು, ಅದೇ ಹೊಗೆ, ಮೂರನೆಯ ಸಲ.

ವ್ಯಾನಿನ ಡ್ರೈವರು ಉದ್ದನೆಯ ಆಳು, ಮಾತು ಕಡಿಮೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗಳನ್ನು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಒಯ್ದು ತರುವುದು ಅವನ ಕೆಲಸ. ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಕೂಗಾಡಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದ.

"ನಿನ್ನೆ ಸೇತುವೆ ಮೇಲೆ ನಿಂತುಬಿಡ್ತು ಅಣ್ಣ. ಒಳಗೆ ಮೂರು ಜನ ಇದ್ರು."

ಅಷ್ಟು ಹೇಳಿ ಗೋಡೆ ಪಕ್ಕದ ಬೆಂಚಿನಲ್ಲಿ ಕೂತ. ಮರುದಿನ ಬೆಳಿಗ್ಗೆ ಅದೇ ಮೂವರನ್ನು ಮತ್ತೆ ಕರೆದೊಯ್ಯಬೇಕಿತ್ತು.

ತಂಗಿ ಆಗಲೇ ಸ್ಕ್ಯಾನರಿನ ಕೇಬಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಒಡಹುಟ್ಟಿದವಳು. ವೈರಿಂಗ್ ಕೆಲಸ ಕಲಿತವಳಾದ್ದರಿಂದ, ಎಂಟು ವರ್ಷದ ಹಿಂದೆ ಗ್ಯಾರೇಜಿಗೆ ಕಂಪ್ಯೂಟರ್ ಸ್ಕ್ಯಾನರ್ ಬಂದಾಗ ಅದರ ಜೊತೆಗೇ ಬಂದಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಡ್ರೈವರುಗಳೂ ಅವಳನ್ನು ತಂಗಿ ಎಂದೇ ಕರೆಯುತ್ತಿದ್ದರು. ಅವಳ ಸ್ವಂತ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು.

ಕೆಲಸ ಕೇಳಲಿಕ್ಕೆ ಸುಲಭ. ಪಂಪು ಡೀಸೆಲ್ಲನ್ನು ಸರಿಯಾದ ಗಳಿಗೆಗೆ ಚಿಮ್ಮಿಸಬೇಕು. ಬೇಗ ಚಿಮ್ಮಿದರೆ ಎಂಜಿನ್ನು ಸುತ್ತಿಗೆ ಬಡಿದಂತೆ ಬಡಿಯುತ್ತದೆ, ತಡವಾದರೆ ಬಿಳಿ ಹೊಗೆ ಉಗುಳಿ ಏರಿನಲ್ಲಿ ಸೋಲುತ್ತದೆ. ಎಂಜಿನ್ನು ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ಒಂದು ಅಂಕಿ ಬರುತ್ತದೆ. ನಲವತ್ತರಿಂದ ಅರವತ್ತರೊಳಗೆ ಇದ್ದರೆ ಆದೀತು ಎಂದು ಪುಸ್ತಕ ಹೇಳುತ್ತದೆ. ಅವನಿಗೆ ಐವತ್ತೇ ಆಗಬೇಕು. ಪಂಪಿನ ಚಕ್ರದ ಮೂರು ಬೋಲ್ಟುಗಳನ್ನು ಸಡಿಲಿಸಿ, ಒಳಗಿನ ದಂಡವನ್ನು ಚೂರೇ ಚೂರು ತಿರುಗಿಸಿ, ಬೋಲ್ಟುಗಳನ್ನು ಹಗುರಾಗಿ ಕಚ್ಚಿಸಿ, ಎಂಜಿನ್ನು ಓಡಿಸಿ ಅಂಕಿ ನೋಡಬೇಕು. ಸರಿಯಿದ್ದರೆ ಎಂಜಿನ್ನು ನಿಲ್ಲಿಸಿ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಬೇಕು.

ಪೀಕಲಾಟ ಇರುವುದು ಅಲ್ಲೇ. ಪೂರ್ತಿ ಬಿಗಿ ಮಾಡುವಾಗ ಬೋಲ್ಟಿನ ಜೊತೆ ದಂಡವೂ ಒಂದಿಷ್ಟು ಜರುಗುತ್ತದೆ. ಅಂಕಿ ಕೆಳಗಿಳಿಯುತ್ತದೆ. ಹೊಸಬರು ಐವತ್ತಕ್ಕೆ ತಂದು ಬಿಗಿದು, ಇಳಿದದ್ದನ್ನು ಕಂಡು ಮತ್ತೆ ಬಿಚ್ಚಿ, ಮತ್ತೆ ಬಿಗಿದು, ಇಡೀ ದಿನ ಅದರ ಹಿಂದೆ ಓಡುತ್ತಾರೆ. ಅವನು ಓಡುತ್ತಿರಲಿಲ್ಲ. ಅರವತ್ತೆರಡಕ್ಕೆ ನಿಲ್ಲಿಸುತ್ತಿದ್ದ. ಆಮೇಲೆ ಸಾಮಾನ್ಯ ಸ್ಪ್ಯಾನರಿನಲ್ಲೇ ಮೂರು ಬೋಲ್ಟನ್ನೂ ಮಣಿಕಟ್ಟಿನ ಒಂದೊಂದು ಎಳೆತಕ್ಕೆ ಬಿಗಿದರೆ ಅಂಕಿ ಐವತ್ತಕ್ಕೆ ಬಂದು ಕೂರುತ್ತಿತ್ತು. ನನ್ನ ಕೈ ಹನ್ನೆರಡು ಎಳೆಯುತ್ತದೆ ಎಂದು ತಂಗಿಗೆ ಮಾತ್ರ ಹೇಳಿದ್ದ. ಬೇರೆ ಯಾರಿಗೂ ಈ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಬಿಗಿಯನ್ನು ಅಳೆದು ಟಕ್ ಎನ್ನುವ ಟಾರ್ಕ್ ರೆಂಚ್ ಒಂದನ್ನು ತಂಗಿ ಮೂರು ವರ್ಷದ ಹಿಂದೆ ತಂದಿದ್ದಳು. ತನ್ನ ಕೈ ಮೇಲೆ ತನಗೇ ನಂಬಿಕೆ ಇಲ್ಲದವರು ಇಟ್ಟುಕೊಳ್ಳುವ ಆಟಿಕೆ ಎಂದು ಅವನು ಅದನ್ನು ಡ್ರಾಯರಿಗೆ ತಳ್ಳಿದ್ದ. ಅದರ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ.

ಎಂಜಿನ್ನು ಬಿಸಿಯಾಗುವವರೆಗೆ ಕಾಯಬೇಕಿತ್ತು. ಅವನು ಹಳೆಯ ಟೈರುಗಳ ರಾಶಿಗೆ ಒರಗಿ ನಿಂತ. ಮಧ್ಯಾಹ್ನದ ಬಿಸಿಲು ತಗಡಿನ ಮಾಡಿನಿಂದ ಇಳಿದು ಕುತ್ತಿಗೆಯ ಮೇಲೆ ಕೂತಿತ್ತು. ಈಚೆಗೆ ಅವನಿಗೆ ಒಂದು ಬಗೆಯ ಸುಸ್ತು, ಮಲಗಿ ಎದ್ದರೂ ಹೋಗದ್ದು. ಬೆಳಿಗ್ಗೆ ಹಲ್ಲುಜ್ಜುವಾಗಲೇ ಸಂಜೆಯಾದಂತೆ ಅನ್ನಿಸುತ್ತಿತ್ತು. ವಯಸ್ಸು ಐವತ್ತೊಂಬತ್ತು, ಇದೇನು ಮಹಾ ಎಂದು ತನಗೆ ತಾನೇ ಗದರಿಕೊಳ್ಳುತ್ತಿದ್ದ. ಗದರಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ.

"ಎಷ್ಟು?" ಎಂದು ಕೇಳಿದ. ಎಂಟು ವರ್ಷದಿಂದ ಬಾನೆಟ್ಟಿನ ಕೆಳಗಿನಿಂದ ಅವನು ಕೇಳುವ ಪ್ರಶ್ನೆ ಇದು.

"ಇಪ್ಪತ್ತೊಂದು," ಎಂದಳು ತಂಗಿ ಡ್ರೈವರಿನ ಸೀಟಿನಿಂದ.

ಹನ್ನೊಂದು ದಿನದ ಹಿಂದೆ ಐವತ್ತೇಳಕ್ಕೆ ಬಿಟ್ಟ ಪಂಪು ಅದು. ಆವತ್ತೂ ಐವತ್ತಕ್ಕೆ ಇಳಿದಿರಲಿಲ್ಲ. ಅರವತ್ತರೊಳಗೆ ಇದೆಯಲ್ಲ, ಬಿಡು ಎಂದಿದ್ದ. ಮೊದಲೆಲ್ಲ ಐವತ್ತನ್ನು ಬಿಟ್ಟು ಬೇರೆ ಅಂಕಿಗೆ ಬಿಡು ಎಂದವನೇ ಅಲ್ಲ ಅವನು. ಈ ವ್ಯಾನು ಮೊದಲ ಸಲ ಬಂದಾಗ ಡೀಸೆಲ್ಲಿನ ಬಿಸಿ ಅಳೆಯುವ ಸೆನ್ಸರಿನ ಮೇಲೆ ತಪ್ಪು ಹೊರಿಸಿ ಅದನ್ನು ಬದಲಿಸಿದ್ದ. ಎರಡನೆಯ ಸಲ ಕೇಬಲ್ಲಿನ ಮೇಲೆ ಹಾಕಿದ್ದ. ಇವತ್ತು ಬೈಯಲಿಕ್ಕೆ ಸ್ಕ್ಯಾನರೊಂದೇ ಉಳಿದಿತ್ತು. ಅದಕ್ಕೆ ತಲೆ ಕೆಟ್ಟಿದೆ ಎಂದ. ತಂಗಿ ರಸ್ತೆ ದಾಟಿ ಹೋಗಿ ಬ್ಯಾಟರಿ ಅಂಗಡಿಯವನ ಸ್ಕ್ಯಾನರನ್ನು ಕೇಳಿ ತಂದು ಚುಚ್ಚಿದಳು. ಅದೂ ಇಪ್ಪತ್ತೊಂದು ಎಂದಿತು.

ಎಂಜಿನ್ನು ನಿಲ್ಲಿಸಿ ಬೆಲ್ಟಿನ ಮುಚ್ಚಳ ತೆಗೆದರು. ತಂಗಿ ಟಾರ್ಚನ್ನು ಅವನ ಕೈಗೆ ಕೊಟ್ಟಳು. ಪಂಪಿನ ಚಕ್ರದ ಮೇಲೆ ತೆಳ್ಳಗೆ ಒಂದು ಕೆಂಪು ಗೆರೆ ಕಂಡಿತು. ಉಗುರುಬಣ್ಣದ ಗೆರೆ. ಬಿಚ್ಚಬಾರದ ಬೋಲ್ಟುಗಳ ಮೇಲೆ ಹಚ್ಚಲೆಂದು ಗ್ಯಾರೇಜಿನಲ್ಲಿ ಒಂದು ಬಾಟ್ಲಿ ಇರುತ್ತಿತ್ತು. ತಂಗಿಯ ಉಗುರು ಅದನ್ನು ಯಾವತ್ತೂ ಕಂಡಿದ್ದಿಲ್ಲ. ಚಕ್ರದಿಂದ ಒಳಗಿನ ದಂಡದವರೆಗೆ ನೇರವಾಗಿ ಎಳೆದ ಗೆರೆ ಈಗ ನಡುವೆ ಮುರಿದಿತ್ತು. ಒಂದು ತುದಿ ಇಲ್ಲಿ, ಇನ್ನೊಂದು ಅಲ್ಲಿ. ಕೂದಲೆಳೆಯಷ್ಟಲ್ಲ, ಅಕ್ಕಿಕಾಳಿನಷ್ಟು ಅಂತರ.

ಅದರ ಅರ್ಥ ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬೋಲ್ಟು ಬಿಗಿಯಾಗಿರಲಿಲ್ಲ. ದಿನಾ ಇಷ್ಟಿಷ್ಟೇ ಜಾರಿ, ನಿನ್ನೆ ಸೇತುವೆ ಮೇಲೆ ಕೈ ಕೊಟ್ಟಿತ್ತು.

"ಯಾರು ಗೆರೆ ಎಳೆದಿದ್ದು?"

"ನಾನೇ. ಹೋದ ಸಲ ನೀನು ಕೈ ತೊಳೆಯೋಕೆ ಹೋದಾಗ."

"ಅಂದ್ರೆ ನಿನಗೆ ಮೊದಲೇ ಅನುಮಾನ ಇತ್ತು. ಯಾವಾಗಿಂದ?"

ತಂಗಿ ಕೇಬಲ್ಲನ್ನು ಬೆರಳಿಗೆ ಸುತ್ತಿಕೊಂಡಳು. "ನೀರಿನ ಬಾಟ್ಲಿ ಮುಚ್ಚಳಾನ ಹಲ್ಲಲ್ಲಿ ಕಚ್ಚಿ ತೆಗೆಯೋಕೆ ಶುರು ಮಾಡಿದ್ಯಲ್ಲ ಅಣ್ಣ, ಆವಾಗಿಂದ."

ಅವನಿಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆಯಾ ಎಂದು ಹಲ್ಲು ಕಚ್ಚಿ ಕೇಳಿದ, ಬೆಂಚಿನ ಮೇಲಿದ್ದವನಿಗೆ ಕೇಳದಂತೆ. ಹೇಳಿದ್ದರೆ ನೀನು ಕೇಳುತ್ತಿದ್ದೆಯಾ ಎಂದು ಅವಳೂ ಅಷ್ಟೇ ಮೆಲ್ಲಗೆ ಕೇಳಿದಳು. ಆಮೇಲೆ, ತನ್ನದೂ ತಪ್ಪಿದೆ, ಐವತ್ತೇಳು ಎಂದು ಓದಿ ಹೇಳಿದ ದಿನವೇ ಗಾಡಿ ಬಿಡಬೇಡ ಎನ್ನಬೇಕಿತ್ತು, ಅಣ್ಣನ ಮುಖ ನೋಡಿ ಬಾಯಿ ಬರಲಿಲ್ಲ ಎಂದಳು. ಸಿಟ್ಟು ಬಂದಷ್ಟೇ ಬೇಗ ಇಳಿದು ಹೋಯಿತು, ಅದನ್ನು ಹಿಡಿದಿಟ್ಟುಕೊಳ್ಳುವಷ್ಟು ಕಸುವೂ ಇರಲಿಲ್ಲ.

ಆದರೂ ಇನ್ನೊಂದು ಸಲ ನೋಡಿಯೇ ಬಿಡೋಣ ಎಂದು ಮೊಂಡುಬಿದ್ದ. ದಂಡ ತಿರುಗಿಸಿದ, ಬೋಲ್ಟು ಕಚ್ಚಿಸಿದ, ಅರವತ್ತೆರಡಕ್ಕೆ ತಂದ. ಕಣ್ಣಳತೆ, ಬೆರಳಿನ ಹದ ಯಾವುದೂ ಎಲ್ಲೂ ಹೋಗಿರಲಿಲ್ಲ, ಮೊದಲ ಯತ್ನಕ್ಕೇ ಅಂಕಿ ಬಂತು. ಎಂಜಿನ್ನು ನಿಲ್ಲಿಸಿ, ಕಾಲು ಅಗಲಿಸಿ ನಿಂತು, ಉಸಿರು ಕಟ್ಟಿ ಸ್ಪ್ಯಾನರು ಎಳೆದ. ಮೂರು ಬೋಲ್ಟು, ಮೂರು ಎಳೆತ. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ನೋವು ಸುಯ್ಯೆಂದು ಹತ್ತಿತು. ಇದಕ್ಕಿಂತ ಬಿಗಿ ಮಾಡಲು ತನ್ನಿಂದ ಆಗದು ಎಂದು ಅವನಿಗೆ ಖಾತ್ರಿಯಿತ್ತು. ತಂಗಿ ಎಂಜಿನ್ನು ಓಡಿಸಿದಳು.

"ಎಷ್ಟು?"

"ಐವತ್ತೇಳು."

ಅವನು ಸ್ಪ್ಯಾನರನ್ನು ಒರೆಸಿ ಕೆಳಗಿಟ್ಟ. ಆಮೇಲೆ ಡ್ರಾಯರಿನ ಕಡೆ ಗಲ್ಲ ತೋರಿಸಿದ. ತಂಗಿ ಎಂಜಿನ್ನು ನಿಲ್ಲಿಸಿ, ಟಾರ್ಕ್ ರೆಂಚಿನ ಪ್ಲಾಸ್ಟಿಕ್ಕು ಹರಿದು, ಅಂಕಿ ತಿರುಗಿಸಿ ಕೊಟ್ಟಳು. ಮೊದಲು ಅವನೇ ಎಳೆದ. ಬೋಲ್ಟಿಗೆ ಮುಂಚೆ ಮಣಿಕಟ್ಟೇ ಸೋತಿತು. ರೆಂಚು ಟಕ್ ಎನ್ನಲಿಲ್ಲ. ಅವನು ಪಕ್ಕಕ್ಕೆ ಸರಿದು ಅದನ್ನು ಅವಳಿಗೆ ಕೊಟ್ಟು, ಮೂವತ್ತೊಂದು ವರ್ಷದಿಂದ ತಾನು ನಿಲ್ಲುತ್ತಿದ್ದ ಜಾಗವನ್ನು ಬಿಟ್ಟು ಹೋಗಿ ಡ್ರೈವರಿನ ಸೀಟಿನಲ್ಲಿ ಕೂತ.

ಬಾನೆಟ್ಟಿನ ಸಂದಿಯಿಂದ ಅವಳ ಮೊಣಕೈ ಮಾತ್ರ ಕಾಣುತ್ತಿತ್ತು. ಅವನು ತನ್ನ ಕೈಲಾದಷ್ಟು ಬಿಗಿದಿದ್ದ ಬೋಲ್ಟು ಇನ್ನೂ ಕಾಲು ಸುತ್ತಿನ ಹತ್ತಿರ ತಿರುಗಿತು, ಆಮೇಲೆ ಟಕ್. ಎರಡನೆಯದು, ಟಕ್. ಮೂರನೆಯದು. ಪ್ರತಿ ಸದ್ದಿಗೂ ಅವನ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ಮುದುರಿಕೊಂಡಿತು. ಕೀಲಿ ತಿರುಗಿಸಿದ.

"ಎಷ್ಟು?" ಎಂದು ಕೇಳಿದಳು ತಂಗಿ.

ಪರದೆಯ ಮೇಲೆ ಅಂಕಿ ಎರಡು ಸಲ ಅಲ್ಲಾಡಿ ನಿಂತಿತು. ಅವಳು ಇನ್ನೊಮ್ಮೆ ಕೇಳಬೇಕಾಯಿತು.

"ಐವತ್ತು," ಎಂದ.

ಎಂಜಿನ್ನು ಹೊಗೆಯಿಲ್ಲದೆ ಒಂದೇ ಸಮನೆ ಓಡುತ್ತಿತ್ತು. ಬೆಂಚಿನಿಂದ ಡ್ರೈವರು ಎದ್ದು ಬಂದ. ಸದ್ದು ಕೇಳಿದ ಮೇಲೆ ಅವನ ಮುಖ ಎಷ್ಟೋ ಅರಳಿತ್ತು. ಅಣ್ಣನ ಕೈ ಎಂದರೆ ಅಣ್ಣನ ಕೈ ಎಂದು ತಾನು ಎಲ್ಲರಿಗೂ ಹೇಳಿಕೊಂಡು ಬಂದವನು, ಇನ್ನೊಂದು ಗ್ಯಾರೇಜಿಗೆ ಹೋಗು ಎಂದವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದ. ಆಮೇಲೆ ಆ ಸ್ಕ್ಯಾನರಿನ ಕಡೆ ಬೆರಳು ತೋರಿಸಿದ.

"ಕಂಪ್ಯೂಟರೇ ಕೆಟ್ಟಿತ್ತಾ ಅಣ್ಣ?"

ಹೂಂ ಎಂದರೆ ಮುಗಿದಿತ್ತು. ತಂಗಿ ಮುಖ ತಿರುಗಿಸಿ, ಸುತ್ತಿದ್ದ ಕೇಬಲ್ಲನ್ನೇ ಬಿಚ್ಚಿ ಮತ್ತೆ ಸುತ್ತತೊಡಗಿದಳು. ಅಣ್ಣನಿಗೆ ಒಂದು ಸುಳ್ಳು ಹೇಳುವಷ್ಟು ಜಾಗ ಬಿಟ್ಟುಕೊಡುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಆ ಕರುಣೆಯೇ ಅವನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

"ಕಂಪ್ಯೂಟರ್ ಸರಿಯಾಗೇ ಇತ್ತು," ಎಂದ. "ಬೋಲ್ಟು ಬಿಗಿ ಆಗಿರಲಿಲ್ಲ. ಬಿಗಿ ಮಾಡಿದ್ದು ನಾನು. ಇವತ್ತು ಬಿಗಿ ಮಾಡಿದ್ದು ನನ್ನ ತಂಗಿ. ನೀನು ನಾಳೆ ಧೈರ್ಯವಾಗಿ ಹೋಗು."

ಡ್ರೈವರು ಅವನ ಮುಖ ನೋಡಿದ, ತಂಗಿಯ ಮುಖ ನೋಡಿದ. ಕೀಲಿ ತೆಗೆದುಕೊಂಡು, ಬರ್ತೀನಿ ಎಂದು ಇಬ್ಬರಿಗೂ ಸೇರಿಸಿ ಹೇಳಿ ಹೊರಟ.

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಅವನು ತಂಗಿಯ ನೋಟುಬುಕ್ಕನ್ನು ಕೇಳಿದ. ಪ್ರತಿ ಗಾಡಿಯ ಕೊನೆಯ ಅಂಕಿಯನ್ನೂ ಅವಳು ಅದರಲ್ಲಿ ಬರೆದಿಡುತ್ತಿದ್ದಳು. ಹಿಂದಕ್ಕೆ ಹಾಳೆ ಮಗುಚುತ್ತ ಹೋದ. ಐವತ್ತೇಳು, ಐವತ್ತೆಂಟು, ಐವತ್ತಾರು. ಐವತ್ತು ಸಿಗುವವರೆಗೆ ಎಣಿಸಿದರೆ, ಈ ವ್ಯಾನು ಬಿಟ್ಟು ಒಂಬತ್ತು ಗಾಡಿ. ಎರಡು ಟ್ಯಾಕ್ಸಿ, ಹಾಲಿನ ವ್ಯಾನು, ನಾಲ್ಕು ಸಾಮಾನು ಸಾಗಿಸುವ ಗಾಡಿ, ಯಾರದೋ ಮನೆಯ ಜೀಪು. ಮತ್ತೆ ಒಂದು ಶಾಲೆಯ ಬಸ್ಸು. ಇವತ್ತು ನಾಳೆಯೊಳಗೆ ಅಷ್ಟೂ ಗಾಡಿ ವಾಪಸ್ಸು ಬರಬೇಕು. ಅವರೆಲ್ಲ ಊರಿಡೀ ಸುತ್ತುವವರು, ಸಂಜೆಯೊಳಗೆ ಸುದ್ದಿ ಮನೆಮನೆಗೆ ಹೋಗುತ್ತದೆ.

ಬೇಕಾದರೆ ಫೋನು ತಾನು ಮಾಡುತ್ತೇನೆ, ಮಾಮೂಲಿ ತಪಾಸಣೆ ಎಂದು ಹೇಳಿದರಾಯಿತು ಎಂದಳು ತಂಗಿ. ಅವನು ತಲೆ ಅಲ್ಲಾಡಿಸಿ, ಮೊದಲು ಬಸ್ಸಿನ ನಂಬರು ಓದು ಎಂದ.

ಬಸ್ಸಿನ ಡ್ರೈವರು ಎರಡನೆಯ ರಿಂಗಿಗೇ ಫೋನ್ ಎತ್ತಿದ. ನೀವೇ ಫೋನ್ ಮಾಡಿದ್ದೀರಲ್ಲ, ಏನು ವಿಶೇಷ ಅಣ್ಣ ಎಂದು ನಕ್ಕ. ಅವನು ಬಲಗೈಯಲ್ಲಿದ್ದ ಫೋನನ್ನು ಎಡಗೈಗೆ ಬದಲಿಸಿಕೊಂಡ.

"ಬಸ್ಸು ಇವತ್ತೇ ತಗೊಂಡು ಬಾ. ಮಕ್ಕಳನ್ನ ಇಳಿಸಿದ ತಕ್ಷಣ, ನಿಧಾನವಾಗಿ ಓಡಿಸ್ಕೊಂಡು ಬಾ. ಪಂಪಿನ ಬೋಲ್ಟು ಮತ್ತೆ ಬಿಗಿ ಮಾಡಬೇಕು. ನನ್ನ ಕೈ ಈಗ ಹನ್ನೆರಡು ಎಳೀತಾ ಇಲ್ಲ."

ಆ ಕಡೆಯವನಿಗೆ ತಲೆಬುಡ ತಿಳಿಯಲಿಲ್ಲ. ಹನ್ನೆರಡು ಅಂದರೆ ಏನಣ್ಣ ಎಂದು ಕೇಳಿದ. ಅವನು ಕಣ್ಣು ಮುಚ್ಚಿಕೊಂಡ.

"ನನ್ನ ಕೈಯಲ್ಲಿ ಬಲ ಇಲ್ಲಪ್ಪ," ಎಂದ. "ಅಷ್ಟೇ."

ಸರಿ ಅಣ್ಣ, ಬರುತ್ತೇನೆ ಎಂದು ಆ ಕಡೆಯಿಂದ ಸಣ್ಣ ದನಿ ಬಂತು. ಅವನು ಫೋನನ್ನು ಕಿವಿಯಿಂದ ಇಳಿಸಲಿಲ್ಲ. ಹಾಗೇ ಹಿಡಿದುಕೊಂಡು ತಂಗಿಯ ಕಡೆ ನೋಡಿದ. ಅವಳು ಬಸ್ಸಿನ ಹೆಸರಿನ ಮುಂದೆ ಗುರುತು ಹಾಕಿ, ಮೂಗು ಒರೆಸಿಕೊಂಡು, ಹಾಲಿನ ವ್ಯಾನಿನ ನಂಬರನ್ನು ಒಂದೊಂದೇ ಅಂಕಿಯಾಗಿ ಓದತೊಡಗಿದಳು.