ಅಜ್ಜಂಪುರದ ಟೆಂಟಿನ ಆಪರೇಟರ್ ಹುಲಿಗೆಮ್ಮ

ಅಜ್ಜಂಪುರದ ಟೂರಿಂಗ್ ಟಾಕೀಸಿನಲ್ಲಿ ರೀಲು ಹರಿದಾಗಲೆಲ್ಲ ಜನ ಬೈಯುತ್ತಿದ್ದದ್ದು ತೀರ್ಥಪ್ಪನನ್ನು. ಪಾಪ, ರೀಲನ್ನು ಯಾವ ಕಡೆಯಿಂದ ಸುತ್ತಬೇಕೆಂದೂ ಅವನಿಗೆ ಗೊತ್ತಿರಲಿಲ್ಲ. ತಗಡಿನ ಕ್ಯಾಬಿನ್ನಿನಲ್ಲಿ ಬೆಂದು ಸಿನಿಮಾ ತೋರಿಸುವ ಮಿಷಿನ್ ಓಡಿಸುತ್ತಿದ್ದವಳು ಹುಲಿಗೆಮ್ಮ.

ಮೊದಲು ಅವಳ ಅಪ್ಪ ಲಕ್ಕಣ್ಣ ಅಲ್ಲಿ ಆಪರೇಟರ್ ಆಗಿದ್ದ. ಪರದೆಗೆ ಬೆಳಕು ಬಿಡಲು ಮಿಷಿನ್ನಿನೊಳಗೆ ಉರಿಸುವ ಕಾರ್ಬನ್ ಕಡ್ಡಿಯ ಉರಿಬೆಳಕು ನೋಡಿ ನೋಡಿ ಕಣ್ಣು ಮಂಜಾದಾಗ, ಕೆಲಸವನ್ನೆಲ್ಲ ಮಗಳಿಗೆ ಕಲಿಸಿ ಮನೆ ಸೇರಿದ. ಮಾಲೀಕ ಈರಭದ್ರಪ್ಪ ಅವಳನ್ನು ಅರ್ಧ ಸಂಬಳಕ್ಕೆ ಸೇರಿಸಿಕೊಂಡ. ಜನ ಬರುವ ಮೊದಲೇ ಕ್ಯಾಬಿನ್ ಹೊಕ್ಕು, ಜನ ಹೋದ ಮೇಲೆಯೇ ಹೊರಬರಬೇಕೆಂದು ಕಟ್ಟಪ್ಪಣೆ ಮಾಡಿದ. ಆಟಕ್ಕೆ ಮುಂಚೆ ಮೈಕಿನಲ್ಲಿ ಆಪರೇಟರ್ ಎಂದು ಕೂಗುತ್ತಿದ್ದದ್ದು ತನ್ನ ಅಳಿಯ ತೀರ್ಥಪ್ಪನ ಹೆಸರನ್ನು. ನಾಲ್ಕು ವರ್ಷ ಹೀಗೇ ನಡೆಯಿತು.

ಅರವತ್ತೆರಡನೇ ಇಸವಿಯಲ್ಲಿ ಆಪರೇಟರ್ ಲೈಸೆನ್ಸಿನ ಪರೀಕ್ಷೆ ಬಂತು.

"ಅರ್ಜಿ ತೀರ್ಥಪ್ಪನ ಹೆಸ್ರಲ್ಲಿ ಹಾಕ್ತೀನಿ. ನೀನು ಅವ್ನಿಗೆ ಕೆಲ್ಸ ಕಲ್ಸು" ಎಂದ ಈರಭದ್ರಪ್ಪ. ಲೈಸೆನ್ಸ್ ತೀರ್ಥಪ್ಪನ ಕೈಸೇರಿದರೆ ತನಗೆ ಮಿಷಿನ್ ಮುಟ್ಟುವ ಹಕ್ಕೇ ಇರುವುದಿಲ್ಲ ಎಂದು ಹುಲಿಗೆಮ್ಮನಿಗೆ ಗೊತ್ತಿತ್ತು. ಮನೆಗೆ ಬಂದವಳ ಮೈಯೆಲ್ಲ ಉರಿಯುತ್ತಿತ್ತು.

"ಹೋಗ್ಲಿ ಬಿಡೇ" ಎಂದಳು ತಾಯಿ ಅಂಜಿನಮ್ಮ. "ಟೆಂಟಲ್ಲಿ ಮಿಷಿನ್ ತಿರುಗಿಸ್ತಾಳೆ ಅಂತ ಗೊತ್ತಾದ್ರೆ ನಿನ್ನ ಯಾರು ಕಣೇ ಮದ್ವೆ ಆಗೋರು?"

ಗ್ರಾಮಸೇವಿಕೆ ಸೀತಾದೇವಿ ಲೈಸೆನ್ಸಿನ ಖಾಲಿ ಅರ್ಜಿಯೊಂದನ್ನು ತಂದು ಅಲ್ಲೇ ಕೂತಿದ್ದಳು. "ಅಂಜಿನಮ್ಮ, ಅರ್ಜಿ ಪೂರ್ತಿ ಓದಿದ್ದೀನಿ. ಗಂಡಸರೇ ಆಗ್ಬೇಕು ಅಂತ ಎಲ್ಲೂ ಇಲ್ಲ. ಕೆಲ್ಸ ಬರ್ಬೇಕು, ಮಾಲೀಕರು ಸೈ ಹಾಕ್ಬೇಕು, ಅಷ್ಟೇ."

"ಆ ಯಪ್ಪ ಹಾಕ್ತಾನಾ?"

"ನಾನು ಹಾಕಿಸ್ತೀನಿ" ಎಂದಳು ಹುಲಿಗೆಮ್ಮ.

ಶನಿವಾರ ಮೊದಲನೇ ಆಟಕ್ಕೆ ಟೆಂಟು ತುಂಬಿತ್ತು. ಮೈಕಿನಲ್ಲಿ ಎಂದಿನಂತೆ ತೀರ್ಥಪ್ಪನ ಹೆಸರು ಕೂಗಿದರು. ಪರದೆ ಮೇಲೆ ಬೆಳಕು ಬೀಳಲಿಲ್ಲ. ಕ್ಯಾಬಿನ್ ಬಾಗಿಲು ತೆರೆದು, ತನ್ನ ಹೆಸರು ಬರೆದ ಅರ್ಜಿ ಹಿಡಿದು ಹುಲಿಗೆಮ್ಮ ಹೊರಬಂದಳು.

"ಯಜಮಾನ್ರೇ, ತೀರ್ಥಪ್ಪನ್ನ ಕೂಗಿದ್ರಲ್ಲ, ಅವ್ರೇ ಆಟ ತೋರಿಸ್ಲಿ."

ಸಿಳ್ಳೆ ಜೋರಾಯಿತು. ತೀರ್ಥಪ್ಪ ಕ್ಯಾಬಿನ್ನಿಗೆ ನುಗ್ಗಿದ. ಕಾರ್ಬನ್ ಕಡ್ಡಿ ಹೊತ್ತಿಸಲು ಹೋಗಿ ಕೈ ಸುಟ್ಟುಕೊಂಡು ಹೊರಗೆ ಬಂದ.

"ಒಳಗೆ ಹೋಗೇ, ನನ್ನ ಮರ್ಯಾದೆ ಕಳೀಬೇಡ!" ಈರಭದ್ರಪ್ಪ ಗದರಿದ.

"ನಾಕು ವರ್ಷ ನನ್ನ ಬಚ್ಚಿಟ್ರಲ್ಲ, ಆಗ ನನ್ನ ಮರ್ಯಾದೆ ಎಲ್ಲಿತ್ತು? ಸೈ ಹಾಕಿ. ಅಲ್ಲೀವರೆಗೂ ಮಿಷಿನ್ ಓಡಲ್ಲ."

"ಹೆಂಗಸ್ರಿಗ್ಯಾಕಪ್ಪಾ ಮಿಷಿನ್ನು?" ಎಂದು ಯಾರೋ ನಕ್ಕರು. ಹೆಂಗಸರ ಕಡೆ ಕೂತಿದ್ದ ಅಂಜಿನಮ್ಮನಿಗೆ ಆ ನಗು ತಡೆಯಲಾಗಲಿಲ್ಲ. ಎದ್ದು ನಿಂತಳು.

"ಅವ್ಳು ನನ್ನ ಮಗಳು ಕಣ್ರೋ! ನೀವು ನೋಡಿದ್ ಆಟನೆಲ್ಲ ತೋರಿಸಿದ್ದು ಅವ್ಳೇ! ಈರಭದ್ರಪ್ಪಾ, ಸೈ ಹಾಕು. ಅವ್ಳ ಹೆಸ್ರು ಕೂಗು!"

ಅವಳ ಹಿಂದೆ ಹೆಂಗಸರೆಲ್ಲ ಎದ್ದರು. ಈರಭದ್ರಪ್ಪ ಟಿಕೆಟ್ ಮೇಜಿನ ಮೇಲೇ ಸೈ ಹಾಕಿ ಮೈಕು ಹಿಡಿದ. "ಆಪರೇಟರ್, ಹುಲಿಗೆಮ್ಮ."

"ಕೇಳಿಸ್ಲಿಲ್ಲ!" ಎಂದಳು ಅಂಜಿನಮ್ಮ.

ಅವನು ಗಂಟಲು ಹರಿಯುವಂತೆ ಕೂಗಿದ. ಹುಲಿಗೆಮ್ಮ ಒಳಗೆ ಹೋದಳು. ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಸಿನಿಮಾದಲ್ಲಿ ಹೆಂಗಸರು ಮುಖಕ್ಕೆ ಬಣ್ಣ ಹಚ್ಚುವುದಷ್ಟೇ ಅಲ್ಲ, ಮಿಷಿನ್ ಓಡಿಸುತ್ತಾರೆ, ಬಟ್ಟೆ ಹೊಲಿಯುತ್ತಾರೆ, ರೀಲು ಅಂಟಿಸುತ್ತಾರೆ. ಗಂಡಸಿಗೆ ಕೊಡುವ ಕೂಲಿಯನ್ನೇ ಅವರಿಗೂ ಕೊಡಿ. ಲೈಸೆನ್ಸನ್ನು ದುಡಿದವಳ ಹೆಸರಿನಲ್ಲೇ ಮಾಡಿಸಿ. ನಿಮ್ಮ ಮಗಳು ಕೆಲಸ ಕಲಿತಿದ್ದರೆ ಮುಚ್ಚಿಡಬೇಡಿ. ಅವಳ ಹೆಸರನ್ನು ನೀವೇ ಮೊದಲು ಕೂಗಿ, ಊರಿಗೆಲ್ಲ ಕೇಳಿಸುವ ಹಾಗೆ.