ಪ್ರಾರ್ಥನೆಯ ಇನ್ನರ್ಧ

ಸೊರ್ಸೊಗಾನ್ ಸೀಮೆಯ ಕಡಲ ದಂಡೆಯ ಆ ಕ್ರೈಸ್ತರ ಊರಿನಲ್ಲಿ ಯಾರೇ ತೀರಿಕೊಂಡರೂ ಒಂಬತ್ತು ದಿನದ ಜಪ ನಡೆಸಲು ರೆಮೆದಿಯೋಸಳನ್ನೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅವಳದೇ ದನಿ. ಈಗ ತೀರಿಕೊಂಡದ್ದು ಅವಳ ಒಬ್ಬಳೇ ಮಗಳು ಲಿಗಾಯಾ. ಹತ್ತೊಂಬತ್ತರ ಹುಡುಗಿ, ಐದೇ ದಿನದ ಡೆಂಗಿ ಜ್ವರ.

"ಅಕ್ಕ, ಈ ಸಲ ನೀನು ಸುಮ್ನೆ ಕೂತ್ಕೋ. ನಾನು ನಡೆಸ್ತೀನಿ" ಎಂದಳು ಪಕ್ಕದ ಮನೆಯ ಪಿಲಾರ್.

"ನೀನಾ? ಅನ್ನ ಉಕ್ಕೋದ್ರೊಳಗೆ ಐವತ್ತು ಮಣಿ ಮುಗಿಸೋಳು! ಊರೋರಿಗೆಲ್ಲ ಹೇಳಿ ನನ್ನ ಮಗಳಿಗೇ ಬಾಯಿ ಮುಚ್ಕೊಂಡ್ರೆ ಅವಳೇನಂದ್ಕೋತಾಳೆ?"

ಪಿಲಾರ್ ಒಲೆಯತ್ತ ಹೋದಳು. ಶುಂಠಿ ಕಷಾಯಕ್ಕೆ ನೀರಿಟ್ಟಳು.

ಮಧ್ಯಾಹ್ನ ಮೂರಕ್ಕೆ ಹೆಂಗಸರು ಬಂದು ಲಿಗಾಯಾಳ ಫೋಟೋ ಮುಂದೆ ಕೂತರು. ಮಣಿಮಣಿಗೂ ಹೇಳುವ ನಮೋ ಮರಿಯಾ ಪ್ರಾರ್ಥನೆಯ ಮೊದಲರ್ಧ ನಡೆಸುವವಳದು, ಉಳಿದರ್ಧ ಕೂತವರದು. ಅಜ್ಜಿಯರ ಕಾಲದಿಂದಲೂ ಹಾಗೇ.

ರೆಮೆದಿಯೋಸ್ ಜಪಮಣಿ ಹಿಡಿದು ಶುರುಮಾಡಿದಳು. ದನಿ ಗಟ್ಟಿಯಾಗಿಯೇ ಇತ್ತು. "ಸ್ತ್ರೀಯರಲ್ಲಿ ಧನ್ಯರು ನೀವು, ನಿಮ್ಮ ಉದರದ..." ಎಂಬಲ್ಲಿಗೆ ಬಂದು ನಿಂತುಬಿಟ್ಟಳು. ಮುಂದಿನ ಮಾತು 'ಫಲ', ಹೊಟ್ಟೆಯ ಕೂಸು. ಸತ್ತ ಎಷ್ಟೋ ಮಂದಿಗಾಗಿ ಹೇಳಿದ ಮಾತು, ಇವತ್ತು ಬಾಯಿಗೆ ಬರಲಿಲ್ಲ. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಮೊದಲ ದಿನವೇ ಮಗಳ ಜಪ ಮುರಿದುಹೋಯಿತಲ್ಲ ಎಂದು ಎದೆ ಒಡೆಯಿತು.

"ಸಂತ ಮರಿಯಾ, ದೇವರ ತಾಯೇ" ಎಂದಳು ಪಿಲಾರ್, ಏನೂ ಆಗದವಳ ಹಾಗೆ. ಉಳಿದವರ ದನಿಯೂ ಕೂಡಿಕೊಂಡಿತು. ಪ್ರಾರ್ಥನೆ ಕೊನೆ ಮುಟ್ಟಿತು.

ಎರಡನೇ ಮಣಿಗೂ ಅದೇ ಮಾತಿನಲ್ಲಿ ನಿಂತಳು. ಅವರು ಎತ್ತಿಕೊಂಡರು. ಮೂರನೆಯದಕ್ಕೂ. ಯಾರೂ ಕಣ್ಣೆತ್ತಿ ನೋಡಲಿಲ್ಲ, ಸಮಾಧಾನ ಹೇಳಲಿಲ್ಲ. ಐವತ್ತು ಸಲ ಅವಳು ಬಿದ್ದಳು, ಐವತ್ತು ಸಲ ಅವರು ಎತ್ತಿದರು.

ಈ ಪ್ರಾರ್ಥನೆಯನ್ನು ಇಬ್ಭಾಗ ಮಾಡಿ ಹಂಚಿದವರು ಯಾರೋ ಏನೋ. ಎಷ್ಟು ಕಾಲದ ಎಷ್ಟು ತಾಯಂದಿರು ಇದೇ ಮಾತಿನಲ್ಲಿ ನಿಂತಿರಬೇಕು! ದುಃಖದವಳ ಬಾಯಿಗೆ ಅರ್ಧ ಸಾಕು, ಮಿಕ್ಕದ್ದು ಊರಿನ ಬಾಯಲ್ಲಿರಲಿ ಎಂದು ಕಂಡುಕೊಂಡಿರಬೇಕು. ಇಷ್ಟು ವರ್ಷ ರೆಮೆದಿಯೋಸ್ ಆ ಇನ್ನರ್ಧವನ್ನು ಉಸಿರೆಳೆದುಕೊಳ್ಳುವ ಬಿಡುವು ಎಂದುಕೊಂಡಿದ್ದಳು.

ಎಲ್ಲರೂ ಹೋದ ಮೇಲೆ ಪಿಲಾರ್ ಲೋಟ ತೊಳೆಯುತ್ತಿದ್ದಳು.

"ನಾಳೆ ನೀನು ಶುರು ಮಾಡೇ" ಎಂದಳು ರೆಮೆದಿಯೋಸ್. "ನಾನು ಆ ಕಡೆ, ಉಳಿದರ್ಧ ಹೇಳೋರ ಜೊತೆ ಕೂರ್ತೀನಿ."

"ಆ ಕಡೆ 'ನಮ್ಮ ಮರಣದ ಸಮಯ' ಅಂತ ಬರತ್ತಕ್ಕ. ಅದೇನು ಹಗುರ ಅಂದ್ಕೊಂಡ್ಯಾ?"

"ಅದು ನಂದು ಕಣೇ" ಎಂದಳು ರೆಮೆದಿಯೋಸ್. "ನಂದನ್ನ ಹೇಳ್ಬಲ್ಲೆ. ಮಗಳದನ್ನ ಹೇಳೋಕೇ ಆಗ್ತಿಲ್ಲ."

ಪಿಲಾರ್ ಕೊನೆಯ ಲೋಟ ತೊಳೆದು ಬೋರಲು ಹಾಕಿದಳು. ಮರುದಿನ ಮೂರಕ್ಕೆ ರೆಮೆದಿಯೋಸ್ ಹೆಂಗಸರ ಸಾಲಿನ ನಡುವೆ ಹೋಗಿ ಕೂತಳು. ಎರಡೂ ಕಡೆಯಿಂದ ಸರಿದು ಜಾಗ ಕೊಟ್ಟರು.