ನಾಲ್ಕು ಪೌಂಡಿನ ತೂಕ

ಆ ವರ್ಷ ಮಾರ್ಚಿ ತಿಂಗಳಲ್ಲಿ ನಾನು ಸತತ ಮೂರು ಶನಿವಾರ ಕಡೆಯ ಸ್ಥಾನಕ್ಕೆ ಬಂದೆ. ಗುರಿಯಿಟ್ಟು ಹೊಡೆಯಲು ಸಾಲಾಗಿ ನಿಲ್ಲಿಸಿದ ಆರು ಉಕ್ಕಿನ ತಟ್ಟೆಗಳಲ್ಲಿ ಎರಡು ಬೀಳುತ್ತಿದ್ದವು. ಉಳಿದ ನಾಲ್ಕು ಸುಮ್ಮನೆ ನನ್ನನ್ನೇ ನೋಡುತ್ತಾ ನಿಂತಿರುತ್ತಿದ್ದವು. ಬಂದೂಕು ಕ್ಲಬ್ಬಿನಲ್ಲಿ ಯಾರೂ ನಗಲಿಲ್ಲ. ಮೊಂಟಾನಾದ ನಮ್ಮ ಕಡೆ ಜನ ಎದುರಿಗೆ ನಗುವುದಿಲ್ಲ, ಪಾಪ ಅನ್ನುವ ಮುಖ ಮಾಡುತ್ತಾರೆ. ನನಗೆ ಅದನ್ನು ಕಂಡರಾಗುವುದಿಲ್ಲ.

ತಪ್ಪೆಲ್ಲ ಪಿಸ್ತೂಲಿನದೇ ಅನ್ನಲಾರೆ, ನನ್ನದೂ ಇತ್ತು. ಹನ್ನೊಂದು ವರ್ಷದ ಹಿಂದೆ ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಹಾಗೇ ಇತ್ತು ಅದು. ಟ್ರಿಗರ್ ಒತ್ತಿದರೆ ಮೊದಲು ಮರಳು ಸಿಕ್ಕಿದಂತೆ ಕರಕರ ಎನ್ನುತ್ತಿತ್ತು, ಆಮೇಲೆ ಮೊಂಡು ಹಿಡಿಯುತ್ತಿತ್ತು, ಕಡೆಗೆ ಕಾದು ಕಾದು ನನಗೆ ಸಾಕಾದಾಗ ಸಿಡಿಯುತ್ತಿತ್ತು. ಮೂವತ್ತು ವರ್ಷ ಮನೆಮನೆಗೆ ಅಂಚೆ ಹಂಚುತ್ತಾ ಹಳ್ಳಿದಾರಿಯ ಅಂಚೆಪೆಟ್ಟಿಗೆಗಳ ತುಕ್ಕುಹಿಡಿದ ಬಾಗಿಲು ಎಳೆದು ನನ್ನ ಬೆರಳಿನ ಗಂಟುಗಳು ಊದಿಕೊಂಡಿದ್ದವು. ನಳಿಗೆಯ ತುದಿಯ ಗುರಿಗೂಟ ಕಪ್ಪು, ಅದನ್ನು ಹೊಂದಿಸಿ ನೋಡುವ ಹಿಂದಿನ ಕಚ್ಚೂ ಕಪ್ಪು. ಐವತ್ತೊಂಬತ್ತರ ಕಣ್ಣಿಗೆ ಎರಡೂ ಸೇರಿ ಒಂದು ಮಬ್ಬು ಮುದ್ದೆಯಾಗಿ ಕಾಣುತ್ತಿದ್ದವು.

ಸರಿಪಡಿಸುವುದು ದೊಡ್ಡ ಕೆಲಸವೇನಲ್ಲ. ಊರಲ್ಲಿ ಬಂದೂಕು ರಿಪೇರಿ ಮಾಡುವ ಲೈಲ್ ನನ್ನ ಸಹಪಾಠಿ, ಅರ್ಧ ದಿನದಲ್ಲಿ ಮಾಡಿ ಕೊಡುತ್ತಾನೆ. ತೊಡಕು ಇದ್ದದ್ದು ಕ್ಲಬ್ಬಿನ ನಿಯಮದಲ್ಲಿ. ಕಾರ್ಖಾನೆಯಿಂದ ಬಂದಂತೆಯೇ ಇರುವ ಪಿಸ್ತೂಲುಗಳಿಗೆ ಒಂಬತ್ತು ಗಂಟೆಯ ಗುಂಪು. ಒಂದು ಸ್ಪ್ರಿಂಗು ಬದಲಾದರೂ ಹತ್ತು ಗಂಟೆಯ ಗುಂಪಿಗೆ ಹೋಗಬೇಕು. ಒಂದು ಗಂಟೆಯ ಅಂತರ ಅಷ್ಟೇ ತಾನೇ ಎಂದು ನಿಮಗೆ ಅನಿಸಬಹುದು. ನನಗೆ ವಾರ ಅಂದರೆ ಆ ಒಂದು ಗಂಟೆಯೇ ಆಗಿತ್ತು.

ಗಂಡ ಬಿಟ್ಟು ಹೋಗಿ ಹದಿನಾಲ್ಕು ವರ್ಷ. ದಿನಕ್ಕೆ ನೂರಮೂವತ್ತು ಮೈಲಿ ಗಾಡಿ ಓಡಿಸುತ್ತೇನೆ, ಸಿಗುವುದು ಪೆಟ್ಟಿಗೆಗಳು, ಮನುಷ್ಯರಲ್ಲ. ಶನಿವಾರ ಬದಲಿಯವನು ಹೋಗುತ್ತಾನೆ, ನಾನು ಕ್ಲಬ್ಬಿಗೆ ಹೋಗುತ್ತೇನೆ. ಅಲ್ಲಿ ಎಲ್ಮರ್ ಲುಂಡೀನ್ ಇರುತ್ತಿದ್ದರು. ಎಪ್ಪತ್ತೆಂಟು ವರ್ಷ, ಹೆಂಡತಿ ತೀರಿಕೊಂಡಿದ್ದರು. ಊರಿನ ಧಾನ್ಯದ ಕಣಜದಲ್ಲಿ ನಲವತ್ತು ವರ್ಷ ಗೋಧಿ ಲಾರಿಗಳನ್ನು ತೂಗಿದವರು. ಅವರು ಹೇಳಿದ ತೂಕವನ್ನು ಮತ್ತೊಮ್ಮೆ ತೂಗಿ ನೋಡಿದ ರೈತ ನಮ್ಮ ಜಿಲ್ಲೆಯಲ್ಲಿಲ್ಲ. ನಾನು ಹೊಡೆಯುವಾಗ ಅವರು ಗಡಿಯಾರ ಹಿಡಿಯುತ್ತಿದ್ದರು, ಅವರು ಹೊಡೆಯುವಾಗ ನಾನು. ಬಿದ್ದ ತಟ್ಟೆಗಳನ್ನು ಎತ್ತಿ ನಿಲ್ಲಿಸಿ, ಬಿಳಿ ಬಣ್ಣ ಹೊಡೆದು, ಅವರು ತಂದ ದಾಲ್ಚಿನ್ನಿ ರೊಟ್ಟಿ ತಿನ್ನುತ್ತಿದ್ದೆವು. ವಾರದಲ್ಲಿ ನನ್ನನ್ನು ಡೋರೀನ್ ಎಂದು ಹೆಸರು ಹಿಡಿದು ಕರೆಯುತ್ತಿದ್ದವರು ಅವರೊಬ್ಬರೇ.

ಮಾರ್ಚಿಯ ಮೂರನೇ ಶನಿವಾರ ಅವರು ಗಡಿಯಾರ ನೋಡಿ ತಲೆಯಾಡಿಸಿದರು.

"ಮೂವತ್ತೊಂದು ಸೆಕೆಂಡು. ಅಷ್ಟು ಹೊತ್ತಲ್ಲಿ ನಾನು ಒಂದು ಲಾರಿ ತೂಗಿ ಕಳಿಸ್ತಿದ್ದೆ ಕಣಮ್ಮ."

"ತೂಕ ಬಿಟ್ರೆ ನಿಮಗೆ ಬೇರೆ ಮಾತೇ ಇಲ್ಲ."

"ಬೇರೆ ಮಾತು ಬೇಕಾದ್ರೆ ಹತ್ತು ಗಂಟೆಯವರ ಹತ್ರ ಹೋಗು. ಬರೀ ಸ್ಪ್ರಿಂಗಿನ ಪುರಾಣ ಹೇಳ್ತಾರೆ."

"ನಿಜವಾಗ್ಲೂ ಹೋದ್ರೆ?"

"ಹೋದ್ರೆ ಹೋಗ್ತೀಯ," ಎಂದು ಅವರು ರೊಟ್ಟಿ ಕಚ್ಚಿದರು.

ಆ ಮಾತು ನನಗೆ ಚುರುಕ್ ಎಂದಿತು. ಇವಳು ಹೋದರೆ ಹೋಗಲಿ ಎಂದೇ ಅವರ ಅರ್ಥ ಎಂದು ತೀರ್ಮಾನಿಸಿಬಿಟ್ಟೆ. ಇನ್ನೊಂದು ಮಾತು ಕೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ, ಆದರೆ ಕೇಳುವ ಅಭ್ಯಾಸ ನನಗಿಲ್ಲ.

ಸೋಮವಾರ ಕೆಲಸ ಮುಗಿಸಿ ಲೈಲ್‌ನ ಅಂಗಡಿಗೆ ಹೋದೆ.

"ಟ್ರಿಗರೂ ಗುರಿಗೂಟವೂ ಎರಡೂ ಮಾಡಿಸಿಬಿಡು ಮಾರಾಯ್ತಿ," ಎಂದ ಅವನು. "ಹಸಿರು ಚುಕ್ಕಿಯ ಗೂಟ ಹಾಕ್ತೀನಿ. ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ?"

"ಗೂಟ ಬೇಡ. ಕಾಣುತ್ತೆ."

"ಕಾಣ್ಲಿ ಅಂತಾನೇ ಅಲ್ವೇನೇ ಹಾಕೋದು?"

"ಬೇರೆಯವರಿಗೂ ಕಾಣುತ್ತೆ."

ಲೈಲ್ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. "ಓಹೋ. ಕೂರೋದು ಒಂಬತ್ತು ಗಂಟೆಯವರ ಜೊತೆ, ಟ್ರಿಗರ್ ಮಾತ್ರ ಹತ್ತು ಗಂಟೇದು. ಎಲ್ಮರ್ ತೂಕ ಎತ್ತಿದಾಗ ಏನ್ಮಾಡ್ತೀಯ?"

ಆ ತೂಕದ ವಿಷಯ ಹೀಗೆ. ಪ್ರತಿ ತಿಂಗಳ ಮೊದಲ ಶನಿವಾರ ಒಂಬತ್ತು ಗಂಟೆಯವರ ಪಿಸ್ತೂಲುಗಳ ಪರೀಕ್ಷೆ. ಗುಂಡಿಲ್ಲದ ಪಿಸ್ತೂಲನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ನಾಲ್ಕು ಪೌಂಡಿನ ಸೀಸದ ತೂಕದ ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ಮೇಜಿನಿಂದ ಎತ್ತುತ್ತಾರೆ. ಟ್ರಿಗರ್ ತಡೆದುಕೊಂಡರೆ ನಿಂತಿತು ಎಂದು ಬರೆಯುತ್ತಾರೆ. ಟಿಕ್ ಎಂದರೆ ಬಿತ್ತು, ಹತ್ತು ಗಂಟೆಗೆ ನಡೆಯಬೇಕು. ಎರಡನೇ ಸಲ ಎತ್ತುವ ಪದ್ಧತಿಯಿಲ್ಲ. ಇಪ್ಪತ್ತೆರಡು ವರ್ಷದಿಂದ ಎತ್ತುತ್ತಿದ್ದವರು ಎಲ್ಮರ್.

"ನಾಲ್ಕೂಕಾಲು ಪೌಂಡಿಗೆ ನಿಲ್ಲಿಸು," ಎಂದೆ.

"ಉಜ್ಜಿದ ಲೋಹ ಕಣೇ, ಹೊಸ ಸ್ಪ್ರಿಂಗು. ಒಂದು ತಿಂಗಳು ಹೊಡೆದ್ರೆ ನಾಲ್ಕಕ್ಕಿಂತ ಕೆಳಗೆ ಇಳಿಯುತ್ತೆ."

"ಇಳಿದಾಗ ನೋಡ್ಕೊಳ್ಳೋಣ."

ಏಪ್ರಿಲ್‌ನ ಪರೀಕ್ಷೆಯಲ್ಲಿ ಟ್ರಿಗರ್ ನಿಂತಿತು. ಆ ತಿಂಗಳು ನನಗೆ ಹಬ್ಬ. ಗುರಿಗೂಟ ಮಬ್ಬಾಗಿಯೇ ಇದ್ದರೂ ಕೈ ಅದುರದೆ ಗುಂಡು ಹೋಗುತ್ತಿತ್ತು. ನಾಲ್ಕು ತಟ್ಟೆ, ಐದು ತಟ್ಟೆ, ಒಂದು ಶನಿವಾರ ಆರಕ್ಕೆ ಆರೂ.

"ಏನಮ್ಮ, ಕನ್ನಡಕ ಬದಲಾಯಿಸಿದ್ಯಾ?" ಎಂದು ಎಲ್ಮರ್ ಕೇಳಿದರು.

"ಹೂಂ," ಎಂದೆ.

ಅವರ ಮುಖ ಅರಳಿತು. ಮುಂದಿನ ವಾರ ಒಂದರ ಬದಲು ಎರಡು ರೊಟ್ಟಿ ನನ್ನ ಮುಂದಿಟ್ಟರು. ನಾನು ಎರಡನ್ನೂ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಸಲೀಸಾಗಿ ಇಳಿಯಿತು.

ಮೇ ತಿಂಗಳ ಮೊದಲ ಶನಿವಾರ ಗಾಳಿ ಜೋರಾಗಿತ್ತು. ನನ್ನ ಹಿಂದೆ ಪಕ್ಕದೂರಿನ ಗಂಡ ಹೆಂಡತಿ, ಕಿವಿಗೆ ಮುಚ್ಚಳ ಹಾಕಿಕೊಂಡು, ಕಾರಿನ ಕಿಟಕಿ ಯಾರು ತೆರೆದಿಟ್ಟದ್ದು ಎಂದು ಜಗಳವಾಡುತ್ತಿದ್ದರು. ಎಲ್ಮರ್ ನನ್ನ ಪಿಸ್ತೂಲನ್ನು ನೆಟ್ಟಗೆ ಹಿಡಿದು ಕೊಕ್ಕೆ ಸಿಕ್ಕಿಸಿ ಎತ್ತಿದರು. ತೂಕ ಮೇಜು ಬಿಟ್ಟು ಒಂದು ಬೆರಳಿನಷ್ಟು ಮೇಲೆ ಬಂದಿತ್ತು. ಟಿಕ್ ಎಂದಿತು.

ಎಲ್ಮರ್ ಪಿಸ್ತೂಲನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ಕಳೆದ ತಿಂಗಳಿನದೆಲ್ಲ ಅವರಿಗೆ ಆ ಕ್ಷಣದಲ್ಲಿ ಅರ್ಥವಾಯಿತು ಎಂದು ಮಾತ್ರ ನನಗೆ ಗೊತ್ತಾಯಿತು.

"ನಿಂತಿತು," ಎಂದು ಗಟ್ಟಿಯಾಗಿ ಹೇಳಿ, ಪುಸ್ತಕದಲ್ಲಿ ಬರೆದರು.

ಆ ದಿನ ಅವರು ಒಂದು ತಟ್ಟೆಯನ್ನೂ ಬೀಳಿಸಲಿಲ್ಲ. ರೊಟ್ಟಿಯ ಡಬ್ಬಿಯನ್ನು ತೆರೆಯದೆಯೇ ಕಾರಿಗೆ ಒಯ್ದರು. ಮುಂದಿನ ಶನಿವಾರ ಬರಲಿಲ್ಲ. ತೂಕದ ಕೆಲಸ ಬೇರೆ ಯಾರಾದರೂ ನೋಡಿಕೊಳ್ಳಲಿ, ಕ್ಲಬ್ಬಿಗೂ ಇನ್ನು ಬರುವುದಿಲ್ಲ ಎಂದು ಫೋನ್ ಮಾಡಿದ್ದರಂತೆ. ನಾನು ಹೊಡೆಯದೆ ನೇರ ಅವರ ಮನೆಗೆ ಹೋದೆ. ಹನ್ನೊಂದು ವರ್ಷದಲ್ಲಿ ಅವರ ಬಾಗಿಲು ತಟ್ಟಿದ್ದು ಅದೇ ಮೊದಲು.

ಅವರು ಜಾಲರಿ ಬಾಗಿಲಿನ ಆಚೆಯೇ ನಿಂತರು.

"ಹುಷಾರಿಲ್ವಾ?" ಎಂದೆ.

"ಹುಷಾರಾಗಿದ್ದೀನಿ."

"ನಿಂತಿತು ಅನ್ನಿ ಅಂತ ನಾನು ಕೇಳ್ಲಿಲ್ಲವಲ್ಲ."

"ನೀನು ಕೇಳಿದ್ರೆ ಬಿತ್ತು ಅಂತ ಬರೀತಿದ್ದೆ. ಕೇಳ್ಲಿಲ್ಲ, ನನ್ನ ಬಾಯಿಗೇ ಬಂತು. ನಮ್ಮಣ್ಣನ ಲಾರಿ ಬಂದಾಗ್ಲೂ ಒಂದು ಹಿಡಿ ಗೋಧಿ ಜಾಸ್ತಿ ಬರೀಲಿಲ್ಲ ಕಣಮ್ಮ. ಸಾಯೋವರೆಗೂ ಅವನು ನನ್ನ ಹತ್ರ ಮಾತಾಡ್ಲಿಲ್ಲ. ಈಗ ಒಂದು ಪಿಸ್ತೂಲಿಗೆ ಸುಳ್ಳು ಬರೆದೆ."

"ಎಲ್ಲರ ಮುಂದೆ ಹೇಳ್ತೀನಿ. ನನ್ನ ತಪ್ಪು ಅಂತ ಹೇಳ್ತೀನಿ."

"ಹೇಳು, ಒಳ್ಳೇದು. ಆದ್ರೆ ಬರೆದವನು ನಾನು. ಇನ್ನು ಆ ತೂಕ ಎತ್ತೋಕೆ ನನಗೆ ಕೈ ಬರಲ್ಲ, ಬೇರೆಯವರು ಎತ್ತೋದನ್ನ ನೋಡ್ಕೊಂಡು ಕೂರೋಕೂ ಆಗಲ್ಲ."

ನಾನು ಹೊರಡಲು ತಿರುಗಿದೆ. ಅವರು ಕರೆದರು.

"ಡೋರೀನ್. ಮಾರ್ಚಿಯಲ್ಲೇ ಎರಡೂ ಮಾಡಿಸ್ಕೊಂಡು ಹತ್ತು ಗಂಟೆಗೆ ಹೋಗಿದ್ರೆ ಏನಾಗ್ತಿತ್ತು?"

"ನಿಮ್ಮ ಜೊತೆ ತಪ್ಪಿ ಹೋಗ್ತಿತ್ತು."

"ಹೇಗೆ ತಪ್ಪುತ್ತೆ? ನಾನು ಮಧ್ಯಾಹ್ನದವರೆಗೂ ಅಲ್ಲೇ ಇರ್ತಿದ್ನಲ್ಲ. ಮನೇಲಿ ಯಾರಿದ್ದಾರೆ ಅಂತ ಓಡಿ ಬರ್ಲಿ? ನೀನು ಹೊಡೆಯೋದು ನೋಡ್ತಾ ಕೂತಿರ್ತಿದ್ದೆ."

ಅವರು ಮಧ್ಯಾಹ್ನದವರೆಗೆ ಇರುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಹತ್ತಾಗುವುದರೊಳಗೆ ಹೊರಡುತ್ತಿದ್ದವಳು ನಾನು. ನಾನು ಮೊದಲು ಹೊರಟರೆ, ಅವರು ಹೊರಡುವುದನ್ನು ನೋಡಬೇಕಾಗುವುದಿಲ್ಲ ಎಂಬ ಕಾರಣಕ್ಕೆ. ಕಾರಿನಲ್ಲಿ ಕೂತು ಅತ್ತೆ. ಸಂಕಟಕ್ಕಿಂತ ನನ್ನ ಮೇಲಿನ ಸಿಟ್ಟಿಗೇ ಹೆಚ್ಚು ಅತ್ತೆ.

ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಹೇಳಿದೆ. ಅಲ್ಲಿಯವರು ನನ್ನ ಏಪ್ರಿಲ್‌ನಿಂದ ಈಚಿನ ಅಂಕಗಳನ್ನು ಹೊಡೆದು ಹಾಕಿ, ಪಾಪ ಅನ್ನುವ ಮುಖ ಮಾಡಿ, ಹತ್ತು ಗಂಟೆಯ ಪಟ್ಟಿಗೆ ನನ್ನ ಹೆಸರು ಸೇರಿಸಿದರು. ಲೈಲ್ ಹಸಿರು ಚುಕ್ಕಿಯ ಗುರಿಗೂಟವನ್ನೂ ಹಾಕಿ ಕೊಟ್ಟ. ಈ ಸಲ ತಮಾಷೆ ಮಾಡಲಿಲ್ಲ.

ಜೂನಿನ ಮೊದಲ ಶನಿವಾರ ಹತ್ತು ಗಂಟೆಯ ಗುಂಪಿನಲ್ಲಿ ನಿಂತೆ. ಆ ಹಸಿರು ಚುಕ್ಕಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಇಷ್ಟು ವರ್ಷ ನಾನು ಕುರುಡಿಯಾಗಿದ್ದೆನೇ ಅನ್ನಿಸಿತು. ಆರು ತಟ್ಟೆಗಳೂ ಒಂದರ ಹಿಂದೆ ಒಂದು ಬಿದ್ದವು. ಕೆಂಪು ಟೋಪಿಯ ಒಬ್ಬ ಗಡಿಯಾರ ನೋಡಿ ಹನ್ನೊಂದು ಸೆಕೆಂಡು ಎಂದು ಕೂಗಿ, ಮುಂದಿನವರನ್ನು ಕರೆದ. ಜನ್ಮದಲ್ಲಿ ನಾನು ಅಷ್ಟು ಚೆನ್ನಾಗಿ ಹೊಡೆದಿರಲಿಲ್ಲ. ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದು ಎಲ್ಮರ್‌ಗೆ ಫೋನ್ ಮಾಡಿದೆ.

"ಆರೂ ಬಿತ್ತು," ಎಂದೆ. "ಹನ್ನೊಂದು ಸೆಕೆಂಡು."

"ಭೇಷ್," ಎಂದರು. ನಿಜವಾಗಿಯೂ ಸಂತೋಷಪಟ್ಟರು, ದನಿಯಲ್ಲೇ ತಿಳಿಯಿತು. "ಗಡಿಯಾರ ಯಾರು ಹಿಡಿದಿದ್ರು?"

"ಯಾರೋ. ಕೆಂಪು ಟೋಪಿ ಹಾಕ್ಕೊಂಡಿದ್ದ. ಹೆಸರು ಗೊತ್ತಿಲ್ಲ."

"ಬರೋ ವಾರ ಹೆಸರು ಕೇಳ್ಕೋ ಅಮ್ಮ," ಎಂದು ಹೇಳಿ ಅವರು ಫೋನ್ ಇಟ್ಟರು.